ಮೊದಲ ಕ್ಯಾಮೆರಾ: ಮಂಟಪದ ಕೆಲಸಕ್ಕೆ ಹೊಸ ಮಿರರ್‌ಲೆಸ್ಸೋ, ಹಳೆಯ ಡಿಎಸ್‌ಎಲ್‌ಆರೋ?

ತುಂಗಾತೀರ:

ಎಲ್ಲರಿಗೂ ನಮಸ್ಕಾರ. ನಾನು ಶಿವಮೊಗ್ಗದವನು. ಎರಡು ವರ್ಷಗಳಿಂದ ಒಂದು ಸ್ಟುಡಿಯೊದಲ್ಲಿ ಸಹಾಯಕನಾಗಿದ್ದೇನೆ. ಲೈಟ್ ಹಿಡಿಯುವುದು, ಕಾರ್ಡುಗಳನ್ನು ಕಂಪ್ಯೂಟರಿಗೆ ಇಳಿಸುವುದು, ಮನೆಯವರು ಆರಿಸಿದ ಚಿತ್ರಗಳನ್ನು ಆಲ್ಬಂ ವಿನ್ಯಾಸಕ್ಕೆ ಬೇರ್ಪಡಿಸಿಡುವುದು ನನ್ನ ಕೆಲಸ. ಬರುವ ವೈಶಾಖದಿಂದ ನಾಮಕರಣ, ಉಪನಯನ, ಗೃಹಪ್ರವೇಶ, ಶಾಲಾ ವಾರ್ಷಿಕೋತ್ಸವಗಳನ್ನು ಸ್ವಂತವಾಗಿ ಒಪ್ಪಿಕೊಳ್ಳಬೇಕೆಂದಿದ್ದೇನೆ. ಮದುವೆ ಆಮೇಲಿನ ಮಾತು. ಕೈಯಲ್ಲಿ 1,10,000 ರೂಪಾಯಿ ಇದೆ. ಸಾಲ ಮಾಡುವ ಮನಸ್ಸಿಲ್ಲ.

ನನ್ನ ಮುಂದೆ ಮೂರು ದಾರಿಗಳಿವೆ. ಒಂದು, ಸೋನಿ ಎ6400 ಅಥವಾ ಕ್ಯಾನನ್ ಆರ್10ರಂಥ ಹೊಸ ಕ್ರಾಪ್ ಸೆನ್ಸರ್ (ಬೆಳಕು ಹಿಡಿಯುವ ಫಲಕ ಚಿಕ್ಕದಾದ) ಮಿರರ್‌ಲೆಸ್, ಎಂದರೆ ಒಳಗೆ ಕನ್ನಡಿಯಿಲ್ಲದ ಕ್ಯಾಮೆರಾವನ್ನು, ಅದರೊಡನೆ ಬರುವ ಕಿಟ್ ಲೆನ್ಸ್ ಸಹಿತ ಕೊಳ್ಳುವುದು. ಎರಡು, ನಿಕಾನ್ ಝಡ್5ನ್ನು ಅದರ 24-50 ಎಂಎಂ ಲೆನ್ಸ್ (ಎಂಎಂ ಹೆಚ್ಚಿದಷ್ಟೂ ದೂರದ್ದು ಹತ್ತಿರ ಕಾಣುತ್ತದೆ) ಜೊತೆಗೆ ಹೇಗಾದರೂ ಹೊಂದಿಸಿಕೊಂಡು ಒಂದೇ ಹೆಜ್ಜೆಗೆ ದೊಡ್ಡ ಸೆನ್ಸರಿನ ಫುಲ್ ಫ್ರೇಮಿಗೆ ಹೋಗುವುದು. ಮೂರು, ಯಾರೋ ಬಳಸಿ ಮಾರುತ್ತಿರುವ, ಕನ್ನಡಿಯ ಮೂಲಕ ನೋಡುವ ಹಳೆಯ ಬಗೆಯ ಡಿಎಸ್‌ಎಲ್‌ಆರ್. ವಾರಂಟಿಯಿಲ್ಲದ ವಸ್ತುವಿಗೆ ಲಕ್ಷ ಸುರಿಯಬೇಡವೆಂದು ಮನೆಯಲ್ಲಿ ಅಣ್ಣ ಪಟ್ಟು ಹಿಡಿದಿದ್ದಾನೆ. ಇನ್ನೊಂದು ಸಣ್ಣ ಸಂಗತಿ: ನಮ್ಮ ಯಜಮಾನರು ತಮ್ಮ ಹಳೆಯ ನಿಕಾನ್ 50 ಎಂಎಂ ಎಫ್/1.8 ಡಿ ಲೆನ್ಸನ್ನು ನನಗೆ ಕೊಟ್ಟಿದ್ದಾರೆ. ಅದು ಲೆಕ್ಕಕ್ಕೆ ಬರುವುದೋ ಇಲ್ಲವೋ ತಿಳಿಯದು.

ಹಳೆ ಸ್ಟುಡಿಯೊ:

ತುಂಗಾತೀರ ಅವರೇ, ನಿಮ್ಮ ಪ್ರಶ್ನೆಯಲ್ಲಿ ಬಾಡಿಗಳ (ಲೆನ್ಸ್ ಬಿಟ್ಟು ಬರೀ ಕ್ಯಾಮೆರಾಗಳ) ಹೆಸರು ಸಾಲಾಗಿ ಬಂದಿವೆ, ಫ್ಲ್ಯಾಶ್ ಎಂಬ ಮಾತು ಒಂದು ಸಲವೂ ಬಂದಿಲ್ಲ. ಎರಡು ವರ್ಷ ಲೈಟ್ ಹಿಡಿದವರೇ ಬೆಳಕನ್ನು ಮರೆತರೆ ಹೇಗೆ?

ನಮ್ಮ ಕಡೆಯ ಕಲ್ಯಾಣ ಮಂಟಪವೊಂದನ್ನು ಕಣ್ಣ ಮುಂದೆ ತಂದುಕೊಳ್ಳಿ. ವೇದಿಕೆಯ ಮೇಲೆ ಎರಡು ಹಳದಿ ದೀಪ, ಹಿಂದೆ ಹೂವಿನ ಅಲಂಕಾರದೊಳಗೆ ಬಣ್ಣದ ಎಲ್‌ಇಡಿ, ಮುಂದೆ ವಿಡಿಯೊದವರ ಬಿಳಿ ಲೈಟ್. ಅದನ್ನು ಅವರು ಯಾವಾಗ ಯಾವ ಕಡೆ ತಿರುಗಿಸುತ್ತಾರೋ ದೇವರಿಗೇ ಗೊತ್ತು. ಗಟ್ಟಿಮೇಳ ಮೊಳಗುವ ಹೊತ್ತಿಗೆ ಸೋದರಮಾವಂದಿರು, ಅತ್ತೆಯಂದಿರು, ಫೋನು ಹಿಡಿದ ಹುಡುಗರು ಎಲ್ಲರೂ ಮಣೆಯ ಸುತ್ತ ಮುತ್ತಿರುತ್ತಾರೆ. ಪುರೋಹಿತರ ಹೆಗಲಿನ ಪಕ್ಕದಲ್ಲಿ ಸಿಕ್ಕ ಒಂದು ಗೇಣು ಜಾಗದಿಂದ, ತಾಳಿ ಕಟ್ಟುವ ಕೈ ಮತ್ತು ಹೆಣ್ಣಿನ ಮುಖ ಎರಡೂ ಒಂದೇ ಚೌಕಟ್ಟಿಗೆ ಬರುವಂತೆ ನೀವು ತೆಗೆಯಬೇಕು. ಅಲ್ಲಿ ನನ್ನ ಸಾಮಾನ್ಯ ಲೆಕ್ಕ ಶಟರ್ 1/160 ಸೆಕೆಂಡು, ಅಪರ್ಚರ್ ಎಂಬ ಲೆನ್ಸಿನ ಬಾಯಿ ಎಫ್/2.8 (ಸಂಖ್ಯೆ ಹೆಚ್ಚಿದಷ್ಟೂ ಬಾಯಿ ಕಿರಿದು), ಬೆಳಕಿಗೆ ಸೆನ್ಸರಿನ ಸೂಕ್ಷ್ಮತೆ ಐಎಸ್‌ಒ 3200. ಕಿಟ್ ಲೆನ್ಸನ್ನು ಅದೇ ಜಾಗದಲ್ಲಿ ಸ್ವಲ್ಪ ಜೂಮ್ ಮಾಡಿದರೆ ಅದು ಎಫ್/5.6ಕ್ಕೆ ಇಳಿಯುತ್ತದೆ, ಎಂದರೆ ಒಳಗೆ ಬರುವ ಬೆಳಕು ನಾಲ್ಕನೇ ಒಂದು ಪಾಲು. ಐಎಸ್‌ಒ 12800ಕ್ಕೆ ಏರುತ್ತದೆ. ಆಮೇಲೆ ರೇಷ್ಮೆ ಸೀರೆಯ ಜರಿಯಲ್ಲಿ ಕಾಣುವುದು ಜರಿಯಲ್ಲ, ಮರಳು.

ಆದ್ದರಿಂದ ನನ್ನ ಕ್ರಮ ಇದು: ಮೊದಲು ಎಫ್/2.8 ಜೂಮ್ ಲೆನ್ಸ್, ಅನಂತರ ತಲೆ ತಿರುಗಿಸಬಹುದಾದ ಒಂದು ಒಳ್ಳೆಯ ಫ್ಲ್ಯಾಶ್, ಉಳಿದ ಹಣದಲ್ಲಿ ಸಿಗುವ ಬಾಡಿ. ಎಲ್ಲರೂ ಇದನ್ನು ತಲೆಕೆಳಗಾಗಿ ಮಾಡುತ್ತಾರೆ.

ಕನ್ನಡಿ ಬೇಡ:

ಹಳೆ ಸ್ಟುಡಿಯೊ ಸರ್, ಲೆನ್ಸಿನ ವಿಷಯದಲ್ಲಿ ನಿಮ್ಮೊಡನೆ ಜಗಳವಿಲ್ಲ. ಆದರೆ ‘ಉಳಿದ ಹಣದಲ್ಲಿ ಸಿಗುವ ಬಾಡಿ’ ಎಂಬುದು ಡಿಎಸ್‌ಎಲ್‌ಆರ್ ಕಾಲದ ಮಾತು. ಆಗ ಎಲ್ಲ ಬಾಡಿಗಳೂ ಹೆಚ್ಚುಕಡಿಮೆ ಒಂದೇ ರೀತಿ ಫೋಕಸ್ ಮಾಡುತ್ತಿದ್ದವು. ಇಂದು ಎ6400 ಆಗಲಿ ಆರ್10 ಆಗಲಿ ಮನುಷ್ಯನ ಕಣ್ಣನ್ನು ತಾನೇ ಹುಡುಕಿ, ಆ ವ್ಯಕ್ತಿ ಚೌಕಟ್ಟಿನ ಮೂಲೆಗೆ ಸರಿದರೂ ಬಿಡದೆ ಹಿಂಬಾಲಿಸುತ್ತದೆ. ಹಳೆಯ ಡಿಎಸ್‌ಎಲ್‌ಆರ್‌ನಲ್ಲಿ ಫೋಕಸ್ ಬಿಂದುಗಳು ನಡುಭಾಗದಲ್ಲೇ ಗುಂಪಾಗಿರುವುದರಿಂದ, ಮೂಲೆಯಲ್ಲಿರುವ ಮುಖಕ್ಕೆ ಫೋಕಸ್ ಮಾಡಿ ಕ್ಯಾಮೆರಾ ತಿರುಗಿಸುವಷ್ಟರಲ್ಲಿ ಆ ನಗು ಮುಗಿದಿರುತ್ತದೆ.

ಎರಡನೆಯದಾಗಿ, ಮಿರರ್‌ಲೆಸ್‌ನ ಕಣ್ಣಿಟ್ಟು ನೋಡುವ ಕಿಂಡಿಯೊಳಗೆ ಕಾಣುವುದೇ ತೆಗೆಯಲಿರುವ ಚಿತ್ರ. ಬೆಳಕು ಹೆಚ್ಚಾಯಿತೋ ಕಡಿಮೆಯಾಯಿತೋ ಒತ್ತುವ ಮೊದಲೇ ತಿಳಿಯುತ್ತದೆ. ಹೊಸದಾಗಿ ಸ್ವಂತ ಕೆಲಸಕ್ಕೆ ಇಳಿಯುವವರಿಗೆ ಇದಕ್ಕಿಂತ ದೊಡ್ಡ ಸಹಾಯ ಯಾವುದಿದೆ? ಮೂರನೆಯದಾಗಿ, ನಿಕಾನ್ ಹೊಸ ಡಿಎಸ್‌ಎಲ್‌ಆರ್ ತಂದದ್ದು 2020ರಲ್ಲಿ, ಡಿ780 ಮತ್ತು ಡಿ6. ಅದಾದ ಮೇಲೆ ಇಲ್ಲ. ಕ್ಯಾನನ್ ಕೂಡ ಅದೇ ವರ್ಷದ ನಂತರ ತನ್ನ ಶಕ್ತಿಯನ್ನೆಲ್ಲ ಆರ್ ಸರಣಿಗೆ ಸುರಿದಿದೆ. ಮುಚ್ಚುತ್ತಿರುವ ಅಂಗಡಿಯಲ್ಲಿ ಖಾತೆ ತೆರೆಯಬೇಕೆ?

ಕಡಲತಡಿ:

ನಾನು ಉಡುಪಿಯವಳು, ಮನೆ ಸಮಾರಂಭಗಳ ಜೊತೆಗೆ ಯಕ್ಷಗಾನವನ್ನೂ ತೆಗೆಯುತ್ತೇನೆ. ಕನ್ನಡಿ ಬೇಡ ಅವರು ಹೇಳಿದ ಕಣ್ಣಿನ ಫೋಕಸ್ ನಿಜಕ್ಕೂ ವರ. ಆದರೆ ಅದರ ಜೊತೆಗೆ ಬರುವ ಒಂದು ಶಾಪವನ್ನು ಅವರು ಹೇಳಲಿಲ್ಲ.

ಮಿರರ್‌ಲೆಸ್ ಕೊಂಡ ಹೊಸತರಲ್ಲಿ, ಭಾಗವತರ ಪದ್ಯದ ನಡುವೆ ಟಿಕ್ ಟಿಕ್ ಸದ್ದಾಗಬಾರದೆಂದು ನಾನು ಸದ್ದಿಲ್ಲದ ಎಲೆಕ್ಟ್ರಾನಿಕ್ ಶಟರ್ ಹಾಕಿಕೊಂಡು ರಾತ್ರಿಯಿಡೀ ತೆಗೆದೆ. ಬೆಳಗ್ಗೆ ಮನೆಗೆ ಬಂದು ನೋಡಿದರೆ ವೇಷಧಾರಿಯ ಕಿರೀಟದಿಂದ ಕಾಲಗೆಜ್ಜೆಯ ತನಕ ಅಡ್ಡಡ್ಡ ಕಪ್ಪು ಪಟ್ಟೆಗಳು, ಜಮಖಾನದ ಹಾಗೆ. ಎಲೆಕ್ಟ್ರಾನಿಕ್ ಶಟರ್ ಸೆನ್ಸರನ್ನು ಸಾಲು ಸಾಲಾಗಿ ಓದುತ್ತದೆ. ಅಷ್ಟರಲ್ಲಿ ಎಲ್‌ಇಡಿ ದೀಪ ಹಲವು ಸಲ ಮಿನುಗಿರುತ್ತದೆ. ನಮ್ಮ ವಿದ್ಯುತ್ತು 50 ಹರ್ಟ್ಸ್ ಆದ್ದರಿಂದ ಸಾಮಾನ್ಯ ದೀಪಗಳು ಸೆಕೆಂಡಿಗೆ 100 ಸಲ ಏರಿಳಿಯುತ್ತವೆ. ಯಾಂತ್ರಿಕ ಶಟರ್ ಇಟ್ಟುಕೊಂಡು 1/100 ಅಥವಾ 1/50ರಲ್ಲಿ ತೆಗೆದರೆ ಬಹುಮಟ್ಟಿಗೆ ಪಾರಾಗಬಹುದು. ಆರತಕ್ಷತೆಯ ವೇದಿಕೆಗೆ ಈಗ ಹಿಂಬದಿಯಲ್ಲಿ ನಿಲ್ಲಿಸುವ ದೊಡ್ಡ ಎಲ್‌ಇಡಿ ಪರದೆಯ ಮಿನುಗು ಬೇರೆ ಲೆಕ್ಕದ್ದು, ಅಲ್ಲಿ ಒಂದೆರಡು ಚಿತ್ರ ತೆಗೆದು ಹಿಗ್ಗಿಸಿ ನೋಡಿಕೊಂಡೇ ಮುಂದುವರಿಯಬೇಕು.

ಫ್ಲ್ಯಾಶ್ ವಿಷಯದಲ್ಲಿ ಹಳೆ ಸ್ಟುಡಿಯೊ ಅವರಿಗೆ ನನ್ನ ಪೂರ್ಣ ಬೆಂಬಲ. ಅದರಲ್ಲೂ ಒಂದು ಎಚ್ಚರಿಕೆ ಬೇಕು: ಬಿಳಿ ಚಾವಣಿಯಿದ್ದರೆ ಫ್ಲ್ಯಾಶಿನ ತಲೆಯನ್ನು ಮೇಲಕ್ಕೆ ತಿರುಗಿಸಿ ಮೃದುವಾದ ಬೆಳಕು ಪಡೆಯಬಹುದು, ಅಂಗಳದಲ್ಲಿ ಕೆಂಪು ಬಟ್ಟೆಯ ಶಾಮಿಯಾನದ ಕೆಳಗೆ ಹಾಗೆಯೇ ತಿರುಗಿಸಿದರೆ ಬಂದವರೆಲ್ಲರೂ ಕುಂಕುಮದಲ್ಲಿ ಮುಳುಗಿ ಎದ್ದ ಹಾಗೆ ಕಾಣುತ್ತಾರೆ. ಹೋಮದ ಹೊಗೆಯಿರುವಲ್ಲಿ ಎದುರಿನಿಂದ ನೇರ ಫ್ಲ್ಯಾಶ್ ಹೊಡೆದರೆ ಬೆಳಗುವುದು ಹೊಗೆ, ಮುಖವಲ್ಲ. ಗಾಳಿ ಬೀಸುವ ಕಡೆ ನೋಡಿ ಪಕ್ಕಕ್ಕೆ ಸರಿಯಬೇಕು.

ಲೆಕ್ಕದವನು:

ಫುಲ್ ಫ್ರೇಮ್ ಎಂಬ ಮೋಹದ ಬಗ್ಗೆ ಸ್ವಲ್ಪ ಗಣಿತ ಮಾಡೋಣ. ಇಲ್ಲಿ ಅನೇಕರು ಎಡವುತ್ತಾರೆ.

ಫುಲ್ ಫ್ರೇಮ್ ಸೆನ್ಸರ್ 36×24 ಎಂಎಂ. ನಿಕಾನ್ ಕ್ರಾಪ್ ಸೆನ್ಸರ್ ಸುಮಾರು 23.5×15.6. ವಿಸ್ತೀರ್ಣದಲ್ಲಿ ಮೊದಲನೆಯದು ಎರಡನೆಯದರ ಸುಮಾರು 2.4 ಪಟ್ಟು, ಆದ್ದರಿಂದ ಒಂದೇ ಅಪರ್ಚರ್‌ನಲ್ಲಿ ಅಷ್ಟೇ ಪಟ್ಟು ಹೆಚ್ಚು ಬೆಳಕನ್ನು ಕೂಡಿಹಾಕುತ್ತದೆ. ಇದು ನಿಜವಾದ ಲಾಭ. ಈಗ ತುಂಗಾತೀರ ಅವರ ಎರಡನೆಯ ದಾರಿಯನ್ನು ನೋಡಿ. ಝಡ್5ರ ಜೊತೆ ಬರುವ 24-50 ಲೆನ್ಸ್ ಎಫ್/4ರಿಂದ ಶುರುವಾಗಿ ಉದ್ದದ ತುದಿಯಲ್ಲಿ ಎಫ್/6.3ಕ್ಕೆ ಬಂದು ನಿಲ್ಲುತ್ತದೆ. ಎಫ್/2.8ಕ್ಕೂ ಎಫ್/6.3ಕ್ಕೂ ಇರುವ ಅಂತರ ಐದು ಪಟ್ಟು. ಎಂದರೆ ದೊಡ್ಡ ಸೆನ್ಸರ್ ಗಳಿಸಿಕೊಟ್ಟ 2.4 ಪಟ್ಟನ್ನು ಲೆನ್ಸ್ ನುಂಗಿ, ಮೇಲಿಂದ ಇನ್ನಷ್ಟು ಸಾಲವನ್ನೂ ಹೊರಿಸಿತು. ಆ ತುದಿಯಲ್ಲಿ ಎಫ್/2.8 ಲೆನ್ಸ್ ತೊಟ್ಟ ಕ್ರಾಪ್ ಕ್ಯಾಮೆರಾ ಸುಮಾರು ಎರಡು ಪಟ್ಟು ಹೆಚ್ಚು ಬೆಳಕು ಪಡೆಯುತ್ತದೆ. ಝಡ್5 ಕೆಟ್ಟ ಕ್ಯಾಮೆರಾ ಅಲ್ಲವೇ ಅಲ್ಲ, ಎರಡು ಎಸ್‌ಡಿ ಕಾರ್ಡ್ ಹಿಡಿಯುತ್ತದೆ, ಒಳ್ಳೆಯ ಲೆನ್ಸ್ ಹಾಕಿದರೆ ಚೆಂದದ ಚಿತ್ರ ಕೊಡುತ್ತದೆ. ಆದರೆ ಇಡೀ ಹಣವನ್ನು ಬಾಡಿಗೇ ಸುರಿದು ಆ ಲೆನ್ಸಿನೊಡನೆ ಮಂಟಪಕ್ಕೆ ಹೋಗುವುದು ಎತ್ತು ಕೊಳ್ಳದೆ ಬರೀ ಗಾಡಿ ಕೊಂಡ ಹಾಗೆ.

ಮೆಗಾಪಿಕ್ಸೆಲ್ ಚಿಂತೆಯೂ ಬೇಡ. ನಮ್ಮಲ್ಲಿ ಸಾಮಾನ್ಯವಾಗಿ ಮಾಡಿಸುವ 12×36 ಇಂಚಿನ ಆಲ್ಬಂ ಹಾಳೆಯ ಅರ್ಧ ಭಾಗವನ್ನು ಒಂದೇ ಚಿತ್ರ ತುಂಬಿದರೂ ಬೇಕಾಗುವುದು 12×18 ಇಂಚು. ಇಂಚಿಗೆ 300 ಚುಕ್ಕಿಯ ಲೆಕ್ಕದಲ್ಲಿ 3600×5400, ಎಂದರೆ ಸುಮಾರು 19 ಮೆಗಾಪಿಕ್ಸೆಲ್. ಹತ್ತು ವರ್ಷದ ಹಿಂದಿನ 24 ಮೆಗಾಪಿಕ್ಸೆಲ್ ಬಾಡಿ ಅದನ್ನು ಧಾರಾಳವಾಗಿ ಕೊಡುತ್ತದೆ.

ತುಂಗಾತೀರ ಅವರಿಗೆ ಒಂದು ಕೆಲಸ ಕೊಡುತ್ತೇನೆ. ನಿಮ್ಮ ಸ್ಟುಡಿಯೊದ ಕಂಪ್ಯೂಟರಿನಲ್ಲಿ ಕಳೆದ ಕೆಲವು ಸಮಾರಂಭಗಳ ಚಿತ್ರಗಳಿವೆಯಲ್ಲವೇ? ತೆಗೆದವುಗಳನ್ನಲ್ಲ, ಮನೆಯವರು ಆಲ್ಬಂಗೆ ಆರಿಸಿದವುಗಳನ್ನು ಮಾತ್ರ ತೆರೆದು, ಪ್ರತಿಯೊಂದೂ ಎಷ್ಟು ಎಂಎಂನಲ್ಲಿ, ಯಾವ ಐಎಸ್‌ಒನಲ್ಲಿ ತೆಗೆದದ್ದು ಎಂದು ಫೈಲಿನ ಮಾಹಿತಿಯಲ್ಲಿ ನೋಡಿ ಬರೆದುಕೊಳ್ಳಿ. ಯಾವ ಲೆನ್ಸ್ ಬೇಕೆಂಬುದನ್ನು ನಮಗಿಂತ ಅದೇ ಚೆನ್ನಾಗಿ ಹೇಳುತ್ತದೆ.

ಹುಡುಗಿಯ ತಂದೆ:

ಕ್ಷಮಿಸಿ, ನಾನು ಛಾಯಾಗ್ರಾಹಕನಲ್ಲ. ಮೊಮ್ಮಗನಿಗೆ ಕ್ಯಾಮೆರಾ ಹುಡುಕುತ್ತಾ ಇಲ್ಲಿಗೆ ಬಂದೆ. ನಿಮ್ಮ ಎಫ್ ಸಂಖ್ಯೆಗಳು ನನಗೆ ಅರ್ಥವಾಗುವುದಿಲ್ಲ. ನಮ್ಮ ಮಗಳ ಮದುವೆಯಲ್ಲಿ ಅಂತರಪಟ ಸರಿಸಿದ್ದು, ಜೀರಿಗೆ ಬೆಲ್ಲ ಹಾಕಿದ್ದು, ಮಾಂಗಲ್ಯಧಾರಣೆ, ಇವು ಯಾವುದರ ಫೋಟೊವೂ ನಮ್ಮ ಬಳಿ ಇಲ್ಲ. ತೆಗೆದಿದ್ದರು, ಅಲ್ಲೇ ಪುಟ್ಟ ಪರದೆಯಲ್ಲಿ ತೋರಿಸಿಯೂ ಇದ್ದರು. ಮರುದಿನ ಆ ಕಾರ್ಡು ತೆರೆಯಲೇ ಇಲ್ಲವಂತೆ. ಬೆಂಗಳೂರಿಗೆ ಕಳಿಸಿ ನೋಡಿದರು, ಕೆಲವು ಅರ್ಧಂಬರ್ಧ ಚಿತ್ರ ಬಂದವು, ಮುಖಗಳ ಕೆಳಗೆಲ್ಲ ಬೂದು ಬಣ್ಣ. ತೆಗೆದ ಹುಡುಗ ಹಣ ಹಿಂದಿರುಗಿಸಲು ಬಂದು ನಮ್ಮ ಜಗಲಿಯ ಮೇಲೆ ಅತ್ತುಬಿಟ್ಟ. ನಾನು ತೆಗೆದುಕೊಳ್ಳಲಿಲ್ಲ. ತೆಗೆದುಕೊಂಡು ಏನು ಮಾಡಲಿ? ನೀವು ಕೊಳ್ಳುವ ಕ್ಯಾಮೆರಾದಲ್ಲಿ ಇದಕ್ಕೇನಾದರೂ ಉಪಾಯವಿದೆಯೇ, ಅದನ್ನು ಮೊದಲು ನೋಡಿ.

ಹಳೆ ಸ್ಟುಡಿಯೊ:

ರಾಯರೇ, ಉಪಾಯವಿದೆ, ಮತ್ತು ನೀವು ಹೇಳದಿದ್ದರೆ ನಾವೆಲ್ಲ ಅದನ್ನು ಬಿಟ್ಟೇ ಚರ್ಚೆ ಮುಗಿಸುತ್ತಿದ್ದೆವು. ಎರಡು ಕಾರ್ಡ್ ಹಾಕುವ ಸ್ಥಳವಿರುವ ಕ್ಯಾಮೆರಾದಲ್ಲಿ ಪ್ರತಿ ಚಿತ್ರವನ್ನೂ ಏಕಕಾಲಕ್ಕೆ ಎರಡೂ ಕಾರ್ಡಿಗೆ ಬರೆಯಿಸಬಹುದು. ಒಂದು ಕೈಕೊಟ್ಟರೆ ಇನ್ನೊಂದು ಇರುತ್ತದೆ. ಫಿಲಂ ಕಾಲದಲ್ಲಿ ರೋಲ್ ಸರಿಯಾಗಿ ಸುತ್ತಿಕೊಳ್ಳದೆ ಮೂವತ್ತಾರು ಚಿತ್ರ ಕಳೆದುಕೊಂಡ ನಮಗೆ ಆ ಸಂಕಟ ಗೊತ್ತು, ಆಗ ಮಾತ್ರ ಉಪಾಯವಿರಲಿಲ್ಲ.

ತುಂಗಾತೀರ ಅವರೇ, ಈಗ ನಿಮ್ಮ ಮೊದಲ ದಾರಿಯನ್ನು ಮತ್ತೆ ನೋಡಿ. ಎ6400ರಲ್ಲೂ ಆರ್10ರಲ್ಲೂ ಇರುವುದು ಒಂದೇ ಕಾರ್ಡ್. ಇನ್ನು ನೀವು ಸಣ್ಣ ಸಂಗತಿಯೆಂದು ಕೊನೆಗೆ ಬರೆದ ಆ 50 ಎಂಎಂ ಲೆನ್ಸ್. ಅದು ಸಣ್ಣದಲ್ಲ. ಡಿ ಎಂಬ ಅಕ್ಷರವಿರುವ ಆ ಲೆನ್ಸಿನೊಳಗೆ ಫೋಕಸ್ ಮೋಟಾರು ಇಲ್ಲ. ಬಾಡಿಯಲ್ಲಿರುವ ಮೋಟಾರು ಒಂದು ಸಣ್ಣ ಸ್ಕ್ರೂವಿನ ಮೂಲಕ ಅದನ್ನು ತಿರುಗಿಸಬೇಕು. ನಿಕಾನ್‌ನ ಡಿ3000, ಡಿ5000 ಸರಣಿಗಳಲ್ಲಿ ಆ ಮೋಟಾರು ಇಲ್ಲ. ಝಡ್ ಕ್ಯಾಮೆರಾಕ್ಕೆ ಹಳೆಯ ಲೆನ್ಸ್ ಕೂರಿಸಲು ಕಂಪನಿಯ ಎಫ್‌ಟಿಝಡ್ ಅಡಾಪ್ಟರ್ ಹಾಕಿದರೂ ಈ ಲೆನ್ಸ್ ಆಟೊಫೋಕಸ್ ಮಾಡುವುದಿಲ್ಲ. ಡಿ7000 ಸರಣಿಯಲ್ಲಿ, ಡಿ610, ಡಿ750ರಲ್ಲಿ ಮೋಟಾರು ಇದೆ.

ಹಾಗಾದರೆ ಎರಡು ಕಾರ್ಡ್, ಬಾಡಿಯಲ್ಲಿ ಮೋಟಾರು, 24 ಮೆಗಾಪಿಕ್ಸೆಲ್, ಈ ಮೂರೂ ಇರುವ ಅಗ್ಗದ ಬಾಡಿ ಯಾವುದು? 2015ರ ಡಿ7200. ಅದಾದ ಮೇಲೆ 2017ರಲ್ಲಿ ಬಂದ ಡಿ7500 ಹೊಸದಾದರೂ ಎರಡನೆಯ ಕಾರ್ಡಿನ ಜಾಗವನ್ನು ತೆಗೆದುಹಾಕಿದರು, ಏಕೆಂದು ನನಗೆ ಇಂದಿಗೂ ಸಿಟ್ಟು. ಡಿ7200ರ ಜೊತೆಗೆ ಟ್ಯಾಮ್ರಾನ್ 17-50 ಎಫ್/2.8, ಒಂದು ಫ್ಲ್ಯಾಶ್, ನಿಮ್ಮ ಯಜಮಾನರು ಕೊಟ್ಟ 50. ಕ್ರಾಪ್ ಬಾಡಿಯ ಮೇಲೆ ಆ 50 ಸುಮಾರು 75 ಎಂಎಂ ನೋಟ ಕೊಡುವುದರಿಂದ ಒಬ್ಬರ ಮುಖ ತೆಗೆಯಲು ಬಹಳ ಚೆನ್ನ. ಇಷ್ಟಾದರೂ ಕೈಯಲ್ಲಿ ಹಣ ಉಳಿಯುತ್ತದೆ.

ಕನ್ನಡಿ ಬೇಡ:

ಎರಡು ಕಾರ್ಡಿನ ಮಾತಿಗೆ ನಾನು ತಲೆಬಾಗುತ್ತೇನೆ. ರಾಯರ ಬರಹ ಓದಿದ ಮೇಲೆ ವಾದಿಸಲು ಮನಸ್ಸೂ ಬರುವುದಿಲ್ಲ. ಆದರೂ ಎರಡು ಸಂಗತಿಗಳನ್ನು ಬಿಟ್ಟುಕೊಡಲಾರೆ.

ಡಿ7200ಕ್ಕೆ ಇಂದು ಕೊಟ್ಟ ಬೆಲೆ ಮೂರು ವರ್ಷದ ನಂತರ ಮರಳಿ ಬರುವುದಿಲ್ಲ. ಅದಕ್ಕೆಂದು ಕೊಂಡ ಲೆನ್ಸುಗಳೂ ಅದರೊಡನೆ ಮುದುಕಾಗುತ್ತವೆ. ಎರಡನೆಯದು, ಇಂದಿನ ಮನೆಯವರು ಫೋಟೊದವರನ್ನೇ ಎರಡು ನಿಮಿಷದ ವಿಡಿಯೊ ತುಣುಕನ್ನೂ ಕೇಳುತ್ತಾರೆ. ಡಿ7200ರಲ್ಲಿ ವಿಡಿಯೊ ತೆಗೆಯುವಾಗ ಫೋಕಸ್ ಹುಡುಕಾಡುವುದನ್ನು ನೋಡಿದರೆ ಅಯ್ಯೋ ಎನಿಸುತ್ತದೆ. ಈ ಹುಡುಗ ಇಪ್ಪತ್ತು ವರ್ಷ ಈ ವೃತ್ತಿಯಲ್ಲಿರುವವನು. ಅವನನ್ನು ಹತ್ತು ವರ್ಷ ಹಿಂದಕ್ಕೆ ಕಳಿಸುವುದು ನ್ಯಾಯವೇ?

ಲೆಕ್ಕದವನು:

ನ್ಯಾಯದ ಪ್ರಶ್ನೆ ದೊಡ್ಡದು, ಕಿಸೆ ಸಣ್ಣದು. ಬೆಲೆ ಬಹುಪಾಲು ಇಳಿದುಹೋದ ವಸ್ತುವನ್ನು ಕೊಂಡವನು ಕಳೆದುಕೊಳ್ಳುವುದು ಇನ್ನಷ್ಟು ಇಳಿಯುವ ಸಣ್ಣ ಮೊತ್ತವನ್ನು. ಹೊಸದನ್ನು ಕೊಂಡವನು ಅಂಗಡಿಯ ಮೆಟ್ಟಿಲು ಇಳಿಯುವಷ್ಟರಲ್ಲೇ ಅದಕ್ಕಿಂತ ಹೆಚ್ಚನ್ನು ಕಳೆದುಕೊಂಡಿರುತ್ತಾನೆ. ವಿಡಿಯೊ ಬಗ್ಗೆ ನಿಮ್ಮ ಮಾತು ಸರಿ, ಅದಕ್ಕೆ ಉತ್ತರವಿಲ್ಲ. ಸದ್ಯಕ್ಕೆ ಅವರು ವಿಡಿಯೊ ಒಪ್ಪಿಕೊಳ್ಳಬಾರದು, ಅಷ್ಟೇ.

ಬ್ಯಾಟರಿಯ ಲೆಕ್ಕವನ್ನೂ ಸೇರಿಸಿಕೊಳ್ಳಿ. ಕಂಪನಿಗಳದೇ ಅಳತೆಯಲ್ಲಿ ಡಿ7200 ಒಂದು ಚಾರ್ಜಿಗೆ ಸುಮಾರು 1,100 ಚಿತ್ರ, ಎ6400 ಕಿಂಡಿಯ ಮೂಲಕ ನೋಡಿದರೆ ಸುಮಾರು 360. ಉಪನಯನವೊಂದಕ್ಕೆ ಹೊಸ ಕ್ಯಾಮೆರಾದವರು ಮೂರು ನಾಲ್ಕು ಬ್ಯಾಟರಿ ಹೊತ್ತು, ಊಟದ ಪಂಕ್ತಿಯ ಹೊತ್ತಿಗೆ ಪ್ಲಗ್ ಪಾಯಿಂಟ್ ಹುಡುಕುತ್ತಿರುತ್ತಾರೆ.

ತುಂಗಾತೀರ:

ಎಲ್ಲರ ಮಾತನ್ನೂ ಎರಡೆರಡು ಸಲ ಓದಿದೆ. ಲೆಕ್ಕದವನು ಸರ್ ಕೊಟ್ಟ ಕೆಲಸವನ್ನು ಮಾಡಿ ಮುಗಿಸಿದ್ದೇನೆ. ನಾಲ್ಕು ಸಮಾರಂಭಗಳ ಆಲ್ಬಂಗಳಲ್ಲಿ ಮನೆಯವರು ಆರಿಸಿದ 412 ಚಿತ್ರಗಳನ್ನು ಒಂದೊಂದಾಗಿ ತೆರೆದು ಬರೆದುಕೊಂಡೆ. ಯಜಮಾನರ ಫುಲ್ ಫ್ರೇಮ್ ಕ್ಯಾಮೆರಾದಲ್ಲಿ 70 ಎಂಎಂಗಿಂತ ಉದ್ದದಲ್ಲಿ ತೆಗೆದದ್ದು 38 ಮಾತ್ರ. ಅವರು ಪ್ರತಿ ಮದುವೆಗೂ ಹೊತ್ತೊಯ್ಯುವ, ನಾನು ಹೆಗಲು ನೋಯುವಂತೆ ಹಿಡಿದುಕೊಂಡಿರುವ 70-200 ಲೆನ್ಸಿನಿಂದ ಆಲ್ಬಂ ಸೇರಿದ್ದು ಇಷ್ಟೇ! ಅರ್ಧಕ್ಕಿಂತ ಹೆಚ್ಚು ಚಿತ್ರಗಳು 28ರಿಂದ 50ರ ನಡುವೆ ಇವೆ. ಮನೆಯವರು ಹೆಚ್ಚಾಗಿ ಆರಿಸುವುದು ಗುಂಪುಗಳನ್ನು. ಯಾರ ಪಕ್ಕ ಯಾರು ನಿಂತಿದ್ದರು ಎಂಬುದೇ ಅವರಿಗೆ ಮುಖ್ಯ. ನಾವು ಹಿನ್ನೆಲೆ ಮಸುಕಾಗಿಸಿ ತೆಗೆದು ಹೆಮ್ಮೆಪಟ್ಟ ಚಿತ್ರಗಳಲ್ಲಿ ಬಹುಪಾಲು ಆರಿಸದೆ ಉಳಿದಿವೆ. ಫ್ಲ್ಯಾಶ್ ಬಳಸಿದವು ಮುಕ್ಕಾಲು ಪಾಲು.

ಭದ್ರಾವತಿಯಲ್ಲಿ ಒಬ್ಬರು ಡಿ7200ನ್ನೂ, ಬೇರೊಬ್ಬರು ಡಿ750ನ್ನೂ ಮಾರುತ್ತಿದ್ದಾರೆ. ಡಿ750 ತೆಗೆದುಕೊಂಡರೆ ಲೆನ್ಸಿಗೆ ಹಣ ಸಾಲದು. ಟ್ಯಾಮ್ರಾನ್ 17-50 ಮಂಗಳೂರಿನ ಒಬ್ಬರ ಬಳಿ ಇದೆ. ಹಳೆಯದನ್ನು ಕೊಳ್ಳುವಾಗ ಏನು ನೋಡಬೇಕೆಂದು ದಯವಿಟ್ಟು ತಿಳಿಸಿ. ಅಣ್ಣನನ್ನೂ ಕರೆದುಕೊಂಡು ಹೋಗುತ್ತಿದ್ದೇನೆ. ಅವನು ಬೈಕ್ ಕೊಳ್ಳುವಾಗ ನೋಡುವ ಹಾಗೆ ನೋಡುತ್ತಾನೆ.

ಕಡಲತಡಿ:

ಲೆನ್ಸ್ ಮಂಗಳೂರಿನದು ಎಂದಿರಿ, ಆದ್ದರಿಂದ ಮೊದಲು ಬೂಷ್ಟು ನೋಡಿ. ಕರಾವಳಿಯಲ್ಲಾಗಲಿ ಮಲೆನಾಡಿನಲ್ಲಾಗಲಿ ಮಳೆಗಾಲದ ತೇವಕ್ಕೆ ಗಾಜಿನ ಒಳಗೇ ಬೂಷ್ಟು ಹಿಡಿಯುತ್ತದೆ. ಲೆನ್ಸನ್ನು ಬಾಡಿಯಿಂದ ಬಿಚ್ಚಿ, ಹಿಂಬದಿಯಿಂದ ಫೋನಿನ ಟಾರ್ಚ್ ಹಿಡಿದು, ಮುಂಬದಿಯಿಂದ ಓರೆಯಾಗಿ ನೋಡಿ. ಧೂಳಾದರೆ ಚುಕ್ಕಿಗಳು ಕಾಣುತ್ತವೆ, ಅದಕ್ಕೆ ಹೆದರಬೇಕಾಗಿಲ್ಲ. ಬೂಷ್ಟಾದರೆ ಜೇಡರ ಬಲೆಯ ಸಣ್ಣ ತುಂಡೊಂದು ಗಾಜಿಗೆ ಅಂಟಿಕೊಂಡು ಬೇರು ಬಿಟ್ಟ ಹಾಗೆ ಕಾಣುತ್ತದೆ. ಅಂಥದ್ದು ಅಂಚಿನಲ್ಲಿ ಒಂದೇ ಎಳೆಯಿದ್ದರೂ ಬೇಡವೆಂದು ಹೇಳಿ ಎದ್ದು ಬನ್ನಿ. ಶುಚಿ ಮಾಡಿಸಬಹುದು ನಿಜ, ಆದರೆ ಗಾಜಿನ ಮೇಲಿನ ಲೇಪನವನ್ನು ಅದು ತಿಂದಿದ್ದರೆ ಗುರುತು ಉಳಿದೇ ಉಳಿಯುತ್ತದೆ.

ಕೊಂಡ ಮೇಲೆ ನೀವೂ ಶಿವಮೊಗ್ಗದ ಮಳೆಯಲ್ಲೇ ಇರುವವರು. ಡ್ರೈ ಕ್ಯಾಬಿನೆಟ್ ಕೊಳ್ಳಲು ಈಗ ಆಗದಿದ್ದರೆ, ಅಡುಗೆಮನೆಯ ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಯೊಂದರಲ್ಲಿ ಸಿಲಿಕಾ ಜೆಲ್ ಹಾಕಿ, ಒಳಗೊಂದು ಪುಟ್ಟ ತೇವಮಾಪಕ ಇಟ್ಟು 40-50 ಪ್ರತಿಶತದಲ್ಲಿ ಕಾಪಾಡಿ. ಬ್ಯಾಗಿನಲ್ಲೇ ಬಿಟ್ಟು ಮರೆಯಬೇಡಿ. ಬ್ಯಾಗಿನ ಬಟ್ಟೆಯೇ ತೇವ ಹೀರಿ ಹಿಡಿದಿಟ್ಟುಕೊಳ್ಳುತ್ತದೆ.

ಹಳೆ ಸ್ಟುಡಿಯೊ:

ಬಾಡಿಯ ಮಟ್ಟಿಗೆ, ಶಟರ್ ಎಷ್ಟು ಸಲ ಬಡಿದಿದೆ ಎಂದು ಹೊಸದಾಗಿ ತೆಗೆದ ಒಂದು ಚಿತ್ರದ ಮಾಹಿತಿಯಿಂದ ತಿಳಿಯಬಹುದು. ಡಿ7200ರ ಶಟರನ್ನು 1,50,000 ಸಲಕ್ಕೆ ಪರೀಕ್ಷಿಸಿರುವುದಾಗಿ ಕಂಪನಿ ಹೇಳುತ್ತದೆ, ಅರ್ಧದೊಳಗಿದ್ದರೆ ನೆಮ್ಮದಿ. ಎರಡೂ ಕಾರ್ಡ್ ಹಾಕಿ ಎರಡಕ್ಕೂ ಬರೆಯುತ್ತದೆಯೇ ನೋಡಿ. ಅಪರ್ಚರನ್ನು ಎಫ್/16ಕ್ಕೆ ಇಟ್ಟು ಬಿಳಿ ಗೋಡೆಯ ಚಿತ್ರ ತೆಗೆದರೆ ಸೆನ್ಸರಿನ ಮೇಲಿನ ಕೊಳೆ ಕಾಣುತ್ತದೆ. ಫ್ಲ್ಯಾಶ್ ಸಿಕ್ಕಿಸುವ ಜಾಗ ಅಲುಗಾಡಬಾರದು, ಸಮಾರಂಭದವರ ಕ್ಯಾಮೆರಾಗಳಲ್ಲಿ ಮೊದಲು ಸಡಿಲವಾಗುವುದು ಅದೇ. ನಿಮ್ಮ 50ನ್ನು ತೆಗೆದುಕೊಂಡು ಹೋಗಿ ಅಲ್ಲೇ ತೊಡಿಸಿ ನೋಡಿ. ಟ್ಯಾಮ್ರಾನ್ ಲೆನ್ಸನ್ನು ಕೂಡ ನಿಮ್ಮದೇ ಬಾಡಿಯ ಮೇಲೆ ಪರೀಕ್ಷಿಸಬೇಕು, ಮಾರುವವರ ಬಾಡಿಯ ಮೇಲಲ್ಲ. ಆದ್ದರಿಂದ ಮೊದಲು ಭದ್ರಾವತಿ, ಆಮೇಲೆ ಮಂಗಳೂರು.

ಲೆಕ್ಕದವನು:

ಉಳಿದ ಹಣವನ್ನು ಇನ್ನೊಂದು ಲೆನ್ಸಿಗೆ ಕೊಡಬೇಡಿ. ಕೆಲಸದ ದಿನ ಬಾಡಿಯೊಂದು ನಿಂತರೆ ಎರಡು ಕಾರ್ಡಿದ್ದೂ ಪ್ರಯೋಜನವಿಲ್ಲ, ಮುಹೂರ್ತ ಕಾಯುವುದಿಲ್ಲ. ಒಪ್ಪಿಕೊಂಡ ದಿನಕ್ಕೆ ಇನ್ನೊಂದು ಬಾಡಿಯನ್ನು ಬಾಡಿಗೆಗೆ ತನ್ನಿ, ಇಲ್ಲವೇ ಯಜಮಾನರನ್ನು ಕೇಳಿಕೊಳ್ಳಿ. ಆ ಬಾಡಿಗೆಯನ್ನು ಮನೆಯವರಿಗೆ ಹೇಳುವ ಮೊತ್ತದಲ್ಲೇ ಸೇರಿಸಿ. ನಿಮ್ಮ ಲೆನ್ಸುಗಳೇ ಕೂರುವಂಥ ಬಾಡಿ ಅದಾಗಿರಲಿ, ಇಲ್ಲದಿದ್ದರೆ ಬಾಡಿ ಇದ್ದೂ ತೊಡಿಸಲು ಏನೂ ಇರುವುದಿಲ್ಲ.

ತುಂಗಾತೀರ:

ಹದಿನೆಂಟು ದಿನಗಳ ನಂತರ ಬರೆಯುತ್ತಿದ್ದೇನೆ. ಡಿ7200 ತೆಗೆದುಕೊಂಡೆ, ಶಟರ್ 41,000 ಚಿಲ್ಲರೆ. ಮಂಗಳೂರಿನ ಲೆನ್ಸಿನಲ್ಲಿ ಕಡಲತಡಿ ಮೇಡಂ ವರ್ಣಿಸಿದ ಜೇಡರ ಬಲೆ ಇದ್ದಂತೆಯೇ ಇತ್ತು. ಅಣ್ಣನೇ ಟಾರ್ಚ್ ಹಿಡಿದು ಮೊದಲು ಕಂಡುಹಿಡಿದ. ಬೇಡವೆಂದು ಬಂದು, ಹಾಸನದಲ್ಲಿ ಇನ್ನೊಂದನ್ನು ಕೊಂಡೆ. ಫ್ಲ್ಯಾಶ್ ಮಾತ್ರ ಹೊಸದು, ಬಿಲ್ಲು ವಾರಂಟಿ ಸಹಿತ, ಅಣ್ಣನ ಸಮಾಧಾನಕ್ಕೆ. ಎಲ್ಲ ಸೇರಿ ಇಪ್ಪತ್ತೊಂಬತ್ತು ಸಾವಿರ ಉಳಿದಿದೆ, ಬಾಡಿಗೆಯ ಬಾಬ್ತಿಗೆಂದು ಬ್ಯಾಂಕಿನಲ್ಲಿ ಇಟ್ಟಿದ್ದೇನೆ.

ಮೊನ್ನೆ ಸಾಗರದಲ್ಲಿ ಅತ್ತೆಯ ಮಗಳ ಮಗುವಿನ ನಾಮಕರಣವನ್ನು ಹಣವಿಲ್ಲದೆ ತೆಗೆದೆ. ಹಳೆಯ ಹೆಂಚಿನ ಮನೆ, ಚಾವಣಿ ಕಪ್ಪು ಮರದ್ದು, ಫ್ಲ್ಯಾಶಿನ ಬೆಳಕನ್ನೆಲ್ಲ ಅದು ಕುಡಿದುಬಿಟ್ಟಿತು. ಸುಣ್ಣ ಬಳಿದ ಪಕ್ಕದ ಗೋಡೆಗೆ ತಿರುಗಿಸಿದ ಮೇಲೆ ಸರಿಹೋಯಿತು. ತೊಟ್ಟಿಲ ಬಳಿ ಅಜ್ಜಿ ಮಗುವಿನ ಕಿವಿಯಲ್ಲಿ ಹೆಸರು ಹೇಳುವ ಚಿತ್ರ ಚೆನ್ನಾಗಿ ಬಂದಿದೆ, ಆದರೆ ಹಿಗ್ಗಿಸಿ ನೋಡಿದರೆ ಅಜ್ಜಿಯ ಕಣ್ಣಿಗಿಂತ ಅವರ ಓಲೆಯ ಹರಳು ಸ್ಪಷ್ಟವಾಗಿದೆ. ನಾನು ಬಿಂದು ಇಟ್ಟದ್ದು ಕಣ್ಣಿನ ಮೇಲೆಯೇ. ಹತ್ತರಲ್ಲಿ ಏಳು ಚಿತ್ರಗಳಲ್ಲಿ ಹೀಗೆಯೇ ಆಗಿದೆ. ಯಜಮಾನರ 50 ಎಂಎಂ ಲೆನ್ಸಿನಲ್ಲಿ ಈ ತೊಂದರೆ ಇಲ್ಲ. ಟ್ಯಾಮ್ರಾನ್ ಲೆನ್ಸ್ ಕೆಟ್ಟಿದೆಯೇ?

ಹಳೆ ಸ್ಟುಡಿಯೊ:

ಕೆಟ್ಟಿಲ್ಲ. ಫೋಕಸ್ ಬೇಕಾದ ಜಾಗಕ್ಕಿಂತ ಸ್ವಲ್ಪ ಹಿಂದೆ ಬೀಳುತ್ತಿದೆ, ಅಷ್ಟೇ. ನಿಮ್ಮ ಬಾಡಿಯ ಸೆಟಪ್ ಮೆನುವಿನಲ್ಲಿ ಎಎಫ್ ಫೈನ್-ಟ್ಯೂನ್ ಎಂದಿದೆ. ಒಂದು ದಿನಪತ್ರಿಕೆಯನ್ನು ಮೇಜಿನ ಮೇಲೆ ಹಾಸಿ, ಕ್ಯಾಮೆರಾವನ್ನು ಸ್ಟ್ಯಾಂಡಿಗೆ ಹಾಕಿ, ಓರೆಯಾಗಿ ನಡುವಿನ ಒಂದು ಸಾಲಿಗೆ ಎಫ್/2.8ರಲ್ಲಿ ಫೋಕಸ್ ಮಾಡಿ ತೆಗೆಯಿರಿ. ಯಾವ ಸಾಲು ಸ್ಪಷ್ಟವಾಗಿದೆ ನೋಡಿ. ಹಿಂದಿನ ಸಾಲಾದರೆ ಮೌಲ್ಯವನ್ನು ಸೊನ್ನೆಯಿಂದ ಋಣದ ಕಡೆಗೆ ಎರಡೆರಡು ಹೆಜ್ಜೆ ಇಳಿಸುತ್ತಾ ಮತ್ತೆ ಮತ್ತೆ ತೆಗೆದು ನೋಡಿ. ಋಣ 20ರ ತನಕ ಹೋಗಬಹುದು. ಜೂಮ್ ಲೆನ್ಸಿಗೆ ಈ ಬಾಡಿ ಒಂದೇ ಮೌಲ್ಯವನ್ನು ನೆನಪಿಟ್ಟುಕೊಳ್ಳುವುದರಿಂದ, ನೀವು ಹೆಚ್ಚಾಗಿ ಬಳಸುವ 35 ಎಂಎಂ ಸುಮಾರಿನಲ್ಲಿ ಸರಿಪಡಿಸಿ, ಎರಡೂ ತುದಿಗಳಲ್ಲಿ ಪರೀಕ್ಷಿಸಿಕೊಳ್ಳಿ. ಒಂದು ಮಧ್ಯಾಹ್ನದ ಕೆಲಸ.

ಕನ್ನಡಿ ಬೇಡ:

ಮಿರರ್‌ಲೆಸ್ ಸೆನ್ಸರಿನ ಮೇಲೆಯೇ ಫೋಕಸ್ ನೋಡಿಕೊಳ್ಳುವುದರಿಂದ ಈ ದಿನಪತ್ರಿಕೆಯ ಕೆಲಸವೇ ಇರುವುದಿಲ್ಲ ಎಂದು ಹೇಳಬೇಕೆಂದಿದ್ದೆ. ಇರಲಿ. ಆ ಅಜ್ಜಿಯ ಚಿತ್ರ ಹಾಕಿ, ಓಲೆಯ ಹರಳಾದರೂ ನೋಡೋಣ.